ಮೀನೇನೋ ಚೆನ್ನಾಗಿದೆ, ಆದರೆ ನನ್ನ ಹುಟ್ಟಿದ ದಿನ ಎಂತಕ್ಕೆ?

ಮಂಗಳೂರಿನಲ್ಲಿ ಮನೆಗೆ ಮೀನು ತಂದುಕೊಡುವ ಒಂದು ಆ್ಯಪ್‌ ಬಗ್ಗೆ ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ. ಬೇಡದ ಮಾಹಿತಿಯನ್ನೆಲ್ಲ ಕೇಳುವ ಇದೇ ಚಾಳಿ ಜಿಮ್‌ಗಳಲ್ಲೂ ಇದೆ, ಬಟ್ಟೆ ಅಂಗಡಿಗಳಲ್ಲೂ ಇದೆ.

ಮೊದಲು ಮೀನಿನ ವಿಷಯ. ಬಂಗುಡೆ ಫ್ರೆಶ್ ಇತ್ತು, ಕಿವಿರು ಕೆಂಪಗೆ, ಕಣ್ಣು ಒಳಗೆ ಹೋಗಿರಲಿಲ್ಲ. ಅಂಜಲ್ ಸ್ಲೈಸ್ ತವಾ ಫ್ರೈಗೆ ಸರಿಯಾದ ದಪ್ಪ. ಬೂತಾಯಿ ಕ್ಲೀನ್ ಮಾಡುವುದರಲ್ಲಿ ಸ್ವಲ್ಪ ಅವಸರ, ಹೊಟ್ಟೆಯೊಳಗೆ ಕಪ್ಪು ಹಾಗೇ ಉಳಿದಿತ್ತು. ಮಳೆಗಾಲದಲ್ಲಿ ಮಾತ್ರ ಇವರ ಬೋರ್ಡು ನಂಬಬೇಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ, ಆಗ ನಾಡದೋಣಿಯವರು ತಂದದ್ದು ಬಿಟ್ಟರೆ ಉಳಿದದ್ದು ಹೆಚ್ಚಾಗಿ ಹೊರಗಿನಿಂದ ಐಸ್‌ನಲ್ಲಿ ಬಂದದ್ದೇ. ಆಗಲೂ ಆ್ಯಪ್‌ನಲ್ಲಿ ‘ಇವತ್ತಿನ ದಕ್ಕೆ ಮೀನು’ (ದಕ್ಕೆ ಅಂದರೆ ಇಲ್ಲಿನ ಮೀನುಗಾರಿಕೆ ಬಂದರು) ಅಂತಲೇ ಇತ್ತು.

ಈಗ ಖಾತೆ ತೆರೆಯುವ ಕಥೆ. ಮೊಬೈಲ್ ನಂಬರ್ ಕೇಳಿದರು, ಸರಿ. ವಿಳಾಸ ಕೇಳಿದರು, ಅದಿಲ್ಲದೆ ಮೀನು ಬರುವುದು ಹೇಗೆ? ಆಮೇಲೆ ಇಮೇಲ್, ಹುಟ್ಟಿದ ದಿನ, ಮದುವೆಯ ದಿನ, ಮನೆಯಲ್ಲಿ ಎಷ್ಟು ಜನ, ತಿಂಗಳ ಆದಾಯ ಯಾವ ಮಟ್ಟದ್ದು! ಇದೆಲ್ಲ ತುಂಬಿಸದೆ ಮುಂದಿನ ಪುಟಕ್ಕೆ ಬಿಡುವುದಿಲ್ಲ. ಮುಂದಿನ ಪುಟದಲ್ಲಿ ಕಾಂಟ್ಯಾಕ್ಟ್ಸ್ ನೋಡಲು ಅನುಮತಿ. ಇನ್ನು ಡಿಸ್ಕೌಂಟ್ ಸಿಗುವ ಮೆಂಬರ್ ಆಗಬೇಕಾದರೆ ಆಧಾರ್ ಕಾರ್ಡಿನ ಫೋಟೊ. ಅರ್ಧ ಕಿಲೋ ಸಿಗಡಿಗೆ ಅಡ್ರೆಸ್ ಪ್ರೂಫ್ ಮಾರಾಯ್ರೇ!

ಸುಮ್ನೆ ರೇಗುತ್ತಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಹೆಚ್ಚುಕಡಿಮೆ ಇಂಥದ್ದೇ ಉದಾಹರಣೆ ಇದೆ. ಫೋನ್ ಮೂಲಕ ವೈದ್ಯರ ಸಲಹೆ ಕೊಡುವ ಆ್ಯಪ್ ಒಂದು ಕಾಂಟ್ಯಾಕ್ಟ್ಸ್ ಕೂಡ ಕೇಳುತ್ತದೆ, ನೀವು ಎರಡಕ್ಕೂ ಹೂಂ ಅಂದರೂ ಆ ಒಪ್ಪಿಗೆ ಸಲಹೆಗೆ ಬೇಕಾದ ಮಾಹಿತಿಗೆ ಮಾತ್ರ ಸಲ್ಲುತ್ತದೆ, ಕಾಂಟ್ಯಾಕ್ಟ್ಸ್‌ಗೆ ಅಲ್ಲ. ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು, ಮುಖ್ಯ ಭಾಗ ಜಾರಿಗೆ ಬರಲು 18 ತಿಂಗಳ ಕಾಲಾವಕಾಶ ಇದೆ. ಅಷ್ಟರೊಳಗೆ ಎಷ್ಟು ಸಾಧ್ಯವೋ ಅಷ್ಟು ಬಾಚಿಕೊಳ್ಳೋಣ ಅಂತ ಇವರ ಲೆಕ್ಕಾಚಾರ ಇದ್ದ ಹಾಗಿದೆ.

‘ನನ್ನ ಹತ್ತಿರ ಕದಿಯೋಕೆ ಏನಿದೆ’ ಅನ್ನುವವರಿಗೆ ಒಂದು ಮಾತು. ನಿಮ್ಮ ಹೆಸರು, ನಂಬರ್, ಮನೆ ಇರುವ ಓಣಿ, ಕಳೆದ ಭಾನುವಾರ ಎಂತ ತರಿಸಿದ್ದಿರಿ ಅನ್ನುವುದು, ಇಷ್ಟು ಯಾರದೋ ಕೈಗೆ ಸಿಕ್ಕಿದರೆ ಸಾಕು. ‘ನಿಮ್ಮ ಅಂಜಲ್ ಆರ್ಡರ್ ಕ್ಯಾನ್ಸಲ್ ಆಗಿದೆ, ರೀಫಂಡ್‌ಗೆ ಈ ಲಿಂಕ್ ಒತ್ತಿ’ ಅಂತ ಮೆಸೇಜ್ ಬಂದರೆ ಎಷ್ಟು ಜನ ಅನುಮಾನ ಪಡುತ್ತಾರೆ? ಕಾಂಟ್ಯಾಕ್ಟ್ಸ್ ಕೊಟ್ಟರೆ ಇನ್ನೂ ಕಷ್ಟ. ಈ ಆ್ಯಪ್ ಅನ್ನು ಕಣ್ಣಲ್ಲೂ ನೋಡದ ನಿಮ್ಮ ಚಿಕ್ಕಮ್ಮನ ನಂಬರ್ ಕೂಡ ಅವರ ಪಟ್ಟಿಗೆ ಸೇರುತ್ತದೆ.

ಆಧಾರ್ ವಿಷಯದಲ್ಲಿ ನಮ್ಮ ಊರಿಗೆ ಪಾಠ ಹೊಸದಲ್ಲ. 2023ರಲ್ಲಿ ಮಂಗಳೂರಿನಲ್ಲಿ ಆಸ್ತಿ ನೋಂದಣಿಗೆ ಆಧಾರ್, ಬೆರಳಚ್ಚು ಕೊಟ್ಟ ಕೆಲವರ ಬ್ಯಾಂಕ್ ಖಾತೆಯಿಂದ ಓಟಿಪಿ ಕೂಡ ಬಾರದೆ ಹಣ ಹೋದ ದೂರುಗಳಿದ್ದವು. ಆಧಾರ್ ನಂಬರ್, ಬ್ಯಾಂಕಿನ ಹೆಸರು, ಬೆರಳಚ್ಚು, ಈ ಮೂರಿದ್ದರೆ ಆಧಾರ್ ಆಧಾರಿತ ಪಾವತಿಯಲ್ಲಿ ಹಣ ತೆಗೆಯಬಹುದು. ಮೀನಿನ ಆ್ಯಪ್ ಬೆರಳಚ್ಚು ಕೇಳಲಿಲ್ಲ, ನಿಜ. ಆದರೆ ಒಂದು ಕಡೆಯಿಂದ ನಂಬರ್ ಸೋರಿ, ಇನ್ನೊಂದು ಕಡೆಯಿಂದ ಬೆರಳಚ್ಚು ಸೋರಿದರೆ ಇವೆರಡೂ ಒಂದೇ ಕೈಗೆ ಹೋಗುವುದಿಲ್ಲ ಅಂತ ಯಾರು ಗ್ಯಾರಂಟಿ ಕೊಡುತ್ತಾರೆ? ಆಧಾರ್‌ನ ಅಧಿಕೃತ ಆ್ಯಪ್‌ನಲ್ಲಿ ಬಯೋಮೆಟ್ರಿಕ್ (ಬೆರಳಚ್ಚು ಇತ್ಯಾದಿ) ಲಾಕ್ ಮಾಡಿಡಿ. ಕಾರ್ಡ್ ಕೊಡಲೇಬೇಕಾದ ಕಡೆ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ. ಹಣ ಹೋದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ನಾನು ಕಾಂಟ್ಯಾಕ್ಟ್ಸ್‌ಗೆ ಬೇಡ ಅಂದೆ, ಆ್ಯಪ್ ಆರಾಮಾಗಿ ನಡೆಯಿತು. ಅಂದರೆ ಅದು ಬೇಕಾಗಿಯೇ ಇರಲಿಲ್ಲ, ಅಲ್ವಾ? ಹುಟ್ಟಿದ ದಿನಕ್ಕೆ ಜನವರಿ 1 ಹಾಕಿದೆ, ಆದಾಯಕ್ಕೆ ತೋಚಿದ್ದು ಒತ್ತಿದೆ. ಖಾತೆ ಅಳಿಸುವ ಬಟನ್ ಹುಡುಕಿದರೆ ಎಲ್ಲೂ ಇಲ್ಲ. ಖಾತೆ ತೆರೆಯಲು ಬಿಡುವ ಆ್ಯಪ್‌ನಲ್ಲಿ ಅಳಿಸುವ ದಾರಿಯೂ ಇರಬೇಕು ಅಂತ ಗೂಗಲ್ ಪ್ಲೇಯ ನಿಯಮವೇ ಇದೆ. ಮೇಲ್ ಹಾಕಿದ್ದಕ್ಕೆ ‘ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ’ ಅಂತ ಉತ್ತರ ಬಂತು. ಖಾತೆ ಇನ್ನೂ ಹಾಗೇ ಇದೆ.

ಮೀನಿಗೆ 4 ಸ್ಟಾರ್, ಆ್ಯಪ್‌ಗೆ 1. ಡೆಲಿವರಿ ಹುಡುಗ ಮಾತ್ರ ಒಳ್ಳೆಯವ, ಗೇಟಿನ ಹತ್ತಿರ ಇಟ್ಟು ಹೋಗುವುದಿಲ್ಲ, ಬೆಕ್ಕಿನ ಕಾಟ ಅವನಿಗೂ ಗೊತ್ತು. ಅವರ ಪ್ಯಾಕೆಟ್ ಮೇಲೆಯೇ ಅಂಗಡಿಯ ಫೋನ್ ನಂಬರ್ ಇದೆ. ಬೆಳಿಗ್ಗೆ ಬೇಗ ಫೋನ್ ಮಾಡಿ ಹೇಳಿದರೆ ಅದೇ ಮೀನು, ಅದೇ ಹುಡುಗ, ಹೆಸರು ಮತ್ತು ಮನೆ ಎಲ್ಲಿ ಅಂತ ಬಿಟ್ಟು ಬೇರೆ ಎಂತದೂ ಕೇಳುವುದಿಲ್ಲ. ಮೆಂಬರ್ ಡಿಸ್ಕೌಂಟ್ ಸಿಗುವುದಿಲ್ಲ, ಅಷ್ಟೇ.