ವಿದ್ಯಾನಗರದ ಚಿಯರ್‌ಲೀಡಿಂಗ್ ಕ್ಲಾಸ್: ಕೈ ಚೆನ್ನಾಗಿ ಕಲಿಸುತ್ತಾರೆ, ಕನ್ನಡಿ ಮಾತ್ರ ಇಲ್ಲ

ದಾವಣಗೆರೆಯಲ್ಲಿ ಚಿಯರ್‌ಲೀಡಿಂಗ್ ಯಾರು ಕಲಿಸುತ್ತಾರೆ ಅನ್ನಬೇಡಿ, ಕಲಿಸುತ್ತಾರೆ. ವಿದ್ಯಾನಗರದ ಒಂದು ಡ್ಯಾನ್ಸ್ ಕ್ಲಾಸಿನಲ್ಲಿ ಶನಿವಾರ, ಭಾನುವಾರ ಸಂಜೆ ಇದೆ. ತಿಂಗಳಿಗೆ 800 ರೂಪಾಯಿ. ನಾನು ಬೈಯೋದೂ ಸ್ವಲ್ಪ ಇದೆ, ಹಾಗಾಗಿ ಕ್ಲಾಸಿನ ಹೆಸರು ಹಾಕುವುದಿಲ್ಲ. ತಂಗಿ ಮಗಳು ಸ್ಪೋರ್ಟ್ಸ್ ಡೇಗೆ ಅಂತ ಸೇರಿದಳು, ಬಿಡೋಕೆ ಹೋದ ನಾನು ಅಲ್ಲೇ ಕೂತು ನೋಡುತ್ತೇನೆ.

ಐಪಿಎಲ್ ನೋಡಿ ಇದು ಸುಮ್ನೆ ಕುಣಿತ ಅಂದುಕೊಂಡವರೇ ಜಾಸ್ತಿ, ಅಲ್ವಾ? ಆದರೆ 1898ರಲ್ಲಿ ಅಮೆರಿಕದ ಮಿನೆಸೋಟಾ ಯೂನಿವರ್ಸಿಟಿಯ ಫುಟ್‌ಬಾಲ್ ಮ್ಯಾಚಿನಲ್ಲಿ ಜಾನಿ ಕ್ಯಾಂಪ್‌ಬೆಲ್ ಅನ್ನೋ ಹುಡುಗ ಎದ್ದು ನಿಂತು ಜನರಿಂದ ಜೈಕಾರ ಕೂಗಿಸಿದ್ದೇ ಇದರ ಶುರು. ಜನರನ್ನು ಕೂಗಿಸಬೇಕು ಅಂದರೆ ಮೈದಾನದ ಆ ತುದಿಯಲ್ಲಿ ಕೂತವರಿಗೂ ಕೈ ಸ್ಪಷ್ಟವಾಗಿ ಕಾಣಬೇಕು. ಕಲಿಸೋ ಮೇಡಂ ಇದನ್ನು ಸರಿಯಾಗಿ ಹಿಡಿದಿದ್ದಾರೆ.

ಶುರುವಿನಲ್ಲಿ ಹಾಡೇ ಇಲ್ಲ, ಬರೀ ಮುಷ್ಟಿ. ಹೆಬ್ಬೆರಳು ಮುಷ್ಟಿಯ ಒಳಗೆ ಹೋಗಬಾರದು, ಹೊರಗೆ ಬೆರಳುಗಳ ಮೇಲೆ ಕೂರಬೇಕು. ಮಣಿಕಟ್ಟು ಬಾಗಬಾರದು. ಆಮೇಲೆ ಹೈ ವಿ, ಅಂದರೆ ಎರಡೂ ಕೈ ಓರೆಯಾಗಿ ಮೇಲಕ್ಕೆ. ಇಲ್ಲಿ ಎಲ್ಲ ಮಕ್ಕಳೂ ಕೈಯನ್ನು ಹಿಂದಕ್ಕೆ ಎಳೆಯುತ್ತಾರೆ, ಹೆಗಲನ್ನು ಕಿವಿಗೆ ತಾಗಿಸುತ್ತಾರೆ. ಮೇಡಂ ಹೇಳೋ ಉಪಾಯ ಸುಲಭ: ತಲೆ ತಿರುಗಿಸದೆ ಎರಡೂ ಮುಷ್ಟಿ ಕಣ್ಣಂಚಿಗೆ ಕಾಣಬೇಕು, ಕಾಣದಿದ್ದರೆ ಕೈ ಹಿಂದೆ ಹೋಗಿದೆ. ಟೀ (ಎರಡೂ ಕೈ ಪಕ್ಕಕ್ಕೆ ನೇರ), ಅರ್ಧ ಟೀ (ಅದೇ, ಮೊಣಕೈ ಮಡಚಿ ಮುಷ್ಟಿ ಎದೆಯ ಹತ್ತಿರ), ಟಚ್‌ಡೌನ್ (ಎರಡೂ ಕೈ ನೆಟ್ಟಗೆ ಮೇಲಕ್ಕೆ) ಬೇಗ ಬಂದವು. ಬಕೆಟ್ ಮತ್ತು ಕ್ಯಾಂಡಲ್‌ಸ್ಟಿಕ್ ಮಾತ್ರ ಗೊಂದಲ. ಎರಡರಲ್ಲೂ ಕೈ ಮುಂದಕ್ಕೆ ನೇರ. ಬಕೆಟ್‌ನಲ್ಲಿ ಬಕೆಟಿನ ಹಿಡಿಕೆ ಹಿಡಿದ ಹಾಗೆ ಅಂಗೈ ಕೆಳಗೆ, ಕ್ಯಾಂಡಲ್‌ಸ್ಟಿಕ್‌ನಲ್ಲಿ ಮೇಣದಬತ್ತಿ ಹಿಡಿದ ಹಾಗೆ ಅಂಗೈಗಳು ಎದುರುಬದುರು. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಹತ್ತಿರದ ದಾರಿ ಹಿಡಿದು ಗಕ್ಕನೆ ನಿಲ್ಲಬೇಕು. "ಕೈ ಬೀಸಬೇಡವ್ವಾ, ನಿಲ್ಲಿಸು" ಅನ್ನೋ ಮಾತು ನನಗೂ ಬಾಯಿಪಾಠ ಆಗಿದೆ.

ಈಗ ಬೈಗುಳ. ಹಾಲ್‌ನಲ್ಲಿ ಒಂದು ಕನ್ನಡಿಯೂ ಇಲ್ಲ! ಕೈಯ ಕೋನ ಸರಿಯಿದೆಯೋ ಇಲ್ಲವೋ ಅಂತ ಕಣ್ಣಲ್ಲಿ ನೋಡಿ ತಿದ್ದಿಕೊಳ್ಳೋ ವಿದ್ಯೆ ಇದು, ಹಿಂದಿನ ಸಾಲಿನ ಮಕ್ಕಳು ಮುಂದಿನವರ ತಪ್ಪನ್ನೇ ನಕಲು ಮಾಡುತ್ತಾರೆ, ಮೇಡಂ ಒಬ್ಬರೇ ಎಷ್ಟು ಜನರ ಕೈ ತಿದ್ದುತ್ತಾರೆ ಹೇಳಿ. ನಾನು ಫೋನಲ್ಲಿ ವಿಡಿಯೋ ಮಾಡಿ ಮನೆಯಲ್ಲಿ ತೋರಿಸುತ್ತೇನೆ, ಅದು ಕೆಲಸ ಮಾಡುತ್ತದೆ. ಒಂದನೇ ಕ್ಲಾಸಿನವರನ್ನೂ ಹತ್ತನೇ ಕ್ಲಾಸಿನವರನ್ನೂ ಒಟ್ಟಿಗೆ ನಿಲ್ಲಿಸೋದು ಇನ್ನೊಂದು ತಲೆನೋವು. ಜೊತೆಗೆ ಎರಡನೇ ತಿಂಗಳಿಗೇ ಪಾಂಪಾಮ್, ಅಂದರೆ ಕೈಯಲ್ಲಿ ಹಿಡಿದು ಅಲ್ಲಾಡಿಸೋ ಜರಿ ಗೊಂಡೆ, ತಗೊಳ್ಳಿ ಅಂತ ಒತ್ತಾಯ, ಅದೂ ಅವರ ಹತ್ತಿರವೇ, ಹೊರಗಿನದಕ್ಕಿಂತ ದುಬಾರಿ. ಅದು ಕೈಗೆ ಬಂತು ಅಂದರೆ ಬಾಗಿದ ಮಣಿಕಟ್ಟು ಯಾರಿಗೂ ಕಾಣಲ್ಲ, ಕಲಿಕೆ ಅಲ್ಲಿಗೇ ನಿಂತುಬಿಡುತ್ತದೆ.

ಒಬ್ಬರನ್ನೊಬ್ಬರು ಎತ್ತೋ ಸ್ಟಂಟ್ ಇಲ್ಲಿ ಇಲ್ಲ. ಮ್ಯಾಟ್ ಇಲ್ಲದ ಸಿಮೆಂಟ್ ನೆಲದ ಮೇಲೆ ಅದು ಬೇಡವೇ ಬೇಡ.

ಟಿವಿಯಲ್ಲಿ ಕಂಡ ಹಾಗೆ ಮಗಳು ತಿಂಗಳಲ್ಲೇ ಕುಣಿಯಬೇಕು ಅನ್ನೋರು ಬೇರೆ ಕಡೆ ನೋಡಿ. ನಾವು ಮುಂದಿನ ತಿಂಗಳ ಫೀಸ್ ಕಟ್ಟಿದ್ದೇವೆ, ಪಾಂಪಾಮ್ ಮಾತ್ರ ಮಂಡಿಪೇಟೆ ಕಡೆಯಿಂದ ತರುತ್ತೇವೆ.