3018 ಸಿಎನ್‌ಸಿ ಕಿಟ್: ಕೆತ್ತನೆಗೆ ಪಾಸ್, ಕೆಂಪು ಬಟನ್ ಫೇಲ್

ಹದಿನೈದು ಸಾವಿರದ ಆಸುಪಾಸಿನಲ್ಲಿ ಸಿಗುವ 3018 ಸಿಎನ್‌ಸಿ ಕಿಟ್ (ಕಂಪ್ಯೂಟರ್ ಹೇಳಿದಂತೆ ಕೆತ್ತುವ ಪುಟ್ಟ ಯಂತ್ರ, ನಾವೇ ಜೋಡಿಸಿಕೊಳ್ಳಬೇಕು) ತಗೊಳ್ಳಬಹುದಾ? ತಗೊಳ್ಳಬಹುದು. ಮರದ ಮೇಲೆ ಹೆಸರು ಕೆತ್ತುವುದಕ್ಕೆ ಧಾರಾಳವಾಗಿ ಸಾಕು. ಆದರೆ ಅದರ ಜೊತೆ ಬರುವ, ತುರ್ತಾಗಿ ನಿಲ್ಲಿಸುವ ಕೆಂಪು ಬಟನ್ ನಂಬಿಕೊಂಡು ಕೆಲಸ ಮಾಡಬೇಡಿ. ಕಂಪ್ಯೂಟರ್ ಪರದೆಯಲ್ಲಿ ಕಾಣುವ ಸ್ಪಿಂಡಲ್ (ಕೆತ್ತುವ ಬಿಟ್ಟನ್ನು ತಿರುಗಿಸುವ ಮೋಟರ್) ವೇಗವನ್ನೂ ನಂಬಬೇಡಿ. ಬಟನ್ನನ್ನು ಪೂರ್ತಿಯಾಗಿ, ವೇಗವನ್ನು ತಕ್ಕಮಟ್ಟಿಗೆ ಮನೆಯಲ್ಲೇ ಸರಿ ಮಾಡಿಕೊಳ್ಳಬಹುದು, ಖರ್ಚು ಸಾವಿರ ರೂಪಾಯಿ ದಾಟುವುದಿಲ್ಲ. ಮಾರುವವರು ಇದನ್ನು ಹೇಳುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಐಟಿಐನಲ್ಲಿ ಟರ್ನರ್ ಟ್ರೇಡ್ ಕಲಿಸಿ ನಿವೃತ್ತನಾದವನು. ಹುಡುಗರು ಮೊದಲ ದಿನ ಲೇತ್ ಮುಂದೆ ಬಂದು ನಿಂತಾಗ ಚಾಲೂ ಮಾಡುವುದನ್ನು ಹೇಳಿಕೊಡುತ್ತಿರಲಿಲ್ಲ, ನಿಲ್ಲಿಸುವುದನ್ನು ಹೇಳಿಕೊಡುತ್ತಿದ್ದೆ. ಆ ಅಭ್ಯಾಸ ಈಗಲೂ ಹೋಗಿಲ್ಲ. ಸೊಸೆ ಮನೆ ಹೆಸರಿನ ಬೋರ್ಡುಗಳನ್ನು ಮಾಡಿ ಮಾರುತ್ತಾಳೆ. ಹಾಸನದ ನಮ್ಮ ಮನೆ ಹಿಂದಿನ ಶೆಡ್ಡಿನಲ್ಲಿ ಈ ಯಂತ್ರ ಕೂತಿರುವುದು ಅವಳಿಗಾಗಿ. ಜೋಡಿಸಿದ್ದು, ಬೈದದ್ದು, ತಿದ್ದಿದ್ದು ನಾನು.

ಮೊದಲು ಒಳ್ಳೆಯ ಮಾತು. ಹೆಸರೇ ಹೇಳುವಂತೆ 30 ಸೆಂಟಿಮೀಟರ್ ಉದ್ದ, 18 ಸೆಂಟಿಮೀಟರ್ ಅಗಲದ ಜಾಗದಲ್ಲಿ ಕೆಲಸ ಮಾಡುತ್ತದೆ. ಅಲ್ಯೂಮಿನಿಯಂ ಚೌಕಟ್ಟು, 24 ವೋಲ್ಟಿನ 775 ಮೋಟರ್, ಬಿಟ್ ಹಿಡಿಯುವ ಇಆರ್11 ಕಾಲೆಟ್, ತಿರುಪಿನ ಮೇಲೆ ಓಡುವ ಮೂರು ಅಕ್ಷಗಳು. ಜೋಡಿಸಲು ಒಂದು ಮಧ್ಯಾಹ್ನ ಸಾಕು. ಚೌಕಟ್ಟನ್ನು ಮೂಲೆಮಟ್ಟ ಇಟ್ಟು ಬಿಗಿ ಮಾಡಿದರೆ ಕೆಲಸ ಚೊಕ್ಕವಾಗಿ ಬರುತ್ತದೆ. ತೇಗದ ಹಲಗೆಯಲ್ಲಿ ‘ಲಕ್ಷ್ಮೀ ನಿಲಯ’ ಕೆತ್ತಿದೆವು. ‘ಕ್ಷ್ಮೀ’ಯಲ್ಲಿ ಒತ್ತಿನ ಕೆಳಗೆ ಒತ್ತು ಬರುತ್ತದಲ್ಲ, ಅಷ್ಟು ಸಣ್ಣ ಸಂದಿಯಲ್ಲೂ ಚೂಪು ತುದಿಯ ವಿ-ಬಿಟ್ ಸಿಬಿರು ಏಳಿಸದೆ ಹೋಯಿತು. ಈ ಬೆಲೆಗೆ ಇಷ್ಟು ಅಚ್ಚುಕಟ್ಟು ನಾನಂತೂ ನಿರೀಕ್ಷಿಸಿರಲಿಲ್ಲ.

ಆ ಮಟ್ಟಕ್ಕೆ ಬರುವ ಮೊದಲು ಸ್ಪಿಂಡಲ್ ಜೊತೆ ಒಂದಷ್ಟು ಜಗಳ ಆಡಬೇಕಾಯಿತು.

ಬಂದ ಹೊಸತರಲ್ಲಿ ಏನು ಹೇಳಿದರೂ ಅದು ಪೂರ್ತಿ ವೇಗದಲ್ಲೇ ತಿರುಗುತ್ತಿತ್ತು. ಎಂ3 ಎಸ್3000 (ಅಂದರೆ ನಿಮಿಷಕ್ಕೆ ಮೂರು ಸಾವಿರ ಸುತ್ತು ತಿರುಗು) ಅಂದರೂ ಅದೇ ಕಿರುಚಾಟ, ಎಸ್8000 ಅಂದರೂ ಅದೇ. ಅಕ್ರಿಲಿಕ್ ಕಡಿಯಲು ಹೋದರೆ ಕರಗಿ ಬಿಟ್ಟಿಗೆ ಅಂಟಿಕೊಳ್ಳುತ್ತಿತ್ತು. ಮಾರಿದವರಿಗೆ ಫೋನ್ ಮಾಡಿದೆ. ‘ಸರ್, ಬೋರ್ಡ್ ಹೋಗಿರಬೇಕು, ಹೊಸದು ಕಳಿಸ್ತೀವಿ, ದುಡ್ಡು ಹಾಕಿ’ ಅಂದರು. ಯಂತ್ರ ನಡೆಸುವ ಆ ಸರ್ಕ್ಯೂಟ್ ಬೋರ್ಡ್ ಹೋಗಿರಲಿಲ್ಲ. ಈ ಯಂತ್ರಗಳ ಒಳಗೆ ಓಡುವುದು ಜಿಆರ್‌ಬಿಎಲ್ ಎಂಬ ಮುಕ್ತ ತಂತ್ರಾಂಶ. ಅದರಲ್ಲಿ $30 ಅಂತ ಒಂದು ಸೆಟ್ಟಿಂಗ್ ಇದೆ. ಸ್ಪಿಂಡಲ್ಲಿನ ಗರಿಷ್ಠ ವೇಗ ಎಷ್ಟು ಅಂತ ಅದಕ್ಕೆ ತಿಳಿಸುವುದು ಅಲ್ಲೇ. ನನ್ನ ಯಂತ್ರದಲ್ಲಿ ಅಲ್ಲಿ 1000 ಅಂತ ಇತ್ತು. ಅಂದರೆ ಸಾವಿರ ಕೇಳಿದರೆ ನೂರಕ್ಕೆ ನೂರು ಶಕ್ತಿ. ಅದಕ್ಕಿಂತ ಜಾಸ್ತಿ ಏನು ಕೇಳಿದರೂ ಅಷ್ಟೇ. $30=10000 ಅಂತ ಟೈಪ್ ಮಾಡಿ ಎಂಟರ್ ಒತ್ತಿದೆ. ಕಾಯಿಲೆ ವಾಸಿ. ಒಂದು ರೂಪಾಯಿ ಖರ್ಚಿಲ್ಲ.

ಇದರ ಉಲ್ಟಾ ಕಾಯಿಲೆಯೂ ಇದೆ. $30 ಹತ್ತು ಸಾವಿರ ಇದ್ದು, ಡಿಸೈನ್ ಮಾಡುವ ಸಾಫ್ಟ್‌ವೇರ್ ಎಸ್1000 ಅಂತ ಬರೆದರೆ, ಮೋಟರಿಗೆ ಹೋಗುವುದು ಹತ್ತನೇ ಒಂದು ಭಾಗ ಮಾತ್ರ. ಆಗ ಅದು ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ. ಯಂತ್ರ ಮಾತ್ರ ತನ್ನ ಪಾಡಿಗೆ ಬಿಟ್ಟನ್ನು ಮರದೊಳಗೆ ಇಳಿಸುತ್ತದೆ. ಬಿಟ್ ಮುರಿಯಲು ಅಷ್ಟು ಸಾಕು. ಎರಡೂ ಕಡೆ ಒಂದೇ ಅಳತೆ ಇರಬೇಕು, ಅಷ್ಟೇ ವಿಷಯ.

ಲೇಸರ್ ಹೆಡ್ ಕೂಡ ಕೊಂಡವರು $32 ನೋಡಿಕೊಳ್ಳಿ. ಅದು 1 ಇದ್ದರೆ ಲೇಸರ್ ಮೋಡ್. ಲೇಸರಿಗೆ ಅದು ಸರಿ, ಖಾಲಿ ಓಡಾಡುವಾಗ ಕಿರಣ ಆರಿಹೋಗಬೇಕು. ಆದರೆ ಲೇಸರ್ ತೆಗೆದು ಸ್ಪಿಂಡಲ್ ಹಾಕಿದ ಮೇಲೂ ಅದು 1 ಆಗಿಯೇ ಉಳಿದಿದ್ದರೆ, ಪ್ರತಿ ಸಲ ಬಿಟ್ ಮೇಲೆದ್ದು ಬೇರೆ ಕಡೆ ಹೋಗುವಾಗ ಸ್ಪಿಂಡಲ್ ಆಫ್ ಆಗುತ್ತದೆ. ಮತ್ತೆ ಮರಕ್ಕೆ ಇಳಿಯಲು ಹೊರಟಾಗಲೇ ಆನ್. ‘ಸ್ಪಿಂಡಲ್ ಬಿಟ್ಟು ಬಿಟ್ಟು ತಿರುಗುತ್ತೆ, ಮೋಟರ್ ಲೂಸ್ ಕಾಂಟ್ಯಾಕ್ಟ್ ಇರಬೇಕು’ ಅಂತ ವೈರ್ ಕಿತ್ತು ಬೆಸುಗೆ ಹಾಕುವವರು ಮೊದಲು $32=0 ಮಾಡಿ ನೋಡಲಿ.

ಸೆಟ್ಟಿಂಗ್ ಎಲ್ಲ ಸರಿ ಮಾಡಿದ ಮೇಲೂ ಪರದೆ ಮೇಲಿನ ಅಂಕಿ ನಿಜವಾದ ವೇಗ ಅಲ್ಲ. ಹಳೇ ಶಿಷ್ಯನೊಬ್ಬನ ಹತ್ತಿರ ಬೆಳಕಿನಿಂದ ಅಳೆಯುವ ಟ್ಯಾಕೋಮೀಟರ್ ಇತ್ತು, ತಂದೆ. ಕಾಲೆಟ್ ನಟ್ಟಿಗೆ ಹೊಳೆಯುವ ಪಟ್ಟಿ ಅಂಟಿಸಿ ಹಿಡಿದರೆ ಆಯಿತು. ಹತ್ತು ಸಾವಿರ ಅಂತ ತೋರಿಸುವಾಗ ನಿಜಕ್ಕೂ ಬರುತ್ತಿದ್ದದ್ದು ಒಂಬತ್ತು ಸಾವಿರದ ಹತ್ತಿರ. ಐದು ಸಾವಿರ ಕೇಳಿದರೆ ಖಾಲಿ ತಿರುಗುವಾಗ ಅದಕ್ಕಿಂತ ಎಷ್ಟೋ ಜಾಸ್ತಿ, ಮರ ಕಚ್ಚಿದ ಕೂಡಲೇ ಕಡಿಮೆ. ಇದು ದೋಷ ಅಲ್ಲ, ಅದರ ಕಟ್ಟೋಣವೇ ಹಾಗೆ. ಬೋರ್ಡ್ ಮೋಟರಿಗೆ ಕರೆಂಟನ್ನು ವೇಗವಾಗಿ ಆನ್-ಆಫ್ ಮಾಡಿ ಕಳಿಸುತ್ತದೆ, ಅಷ್ಟೇ. ಮೋಟರ್ ಎಷ್ಟು ತಿರುಗಿತು ಅಂತ ವಾಪಸ್ ಹೇಳುವ ಯಾವ ಏರ್ಪಾಡೂ ಇದರಲ್ಲಿ ಇಲ್ಲ. ನಾನು ಈಗ ಅಂಕಿ ನೋಡುವುದನ್ನು ಬಿಟ್ಟು ಹೊಟ್ಟು ನೋಡುತ್ತೇನೆ. ಹೊಟ್ಟು ಚೂರುಚೂರಾಗಿ ಬಂದರೆ ಸರಿ. ನುಣ್ಣಗೆ ಪುಡಿಯಾಗಿ, ಸುಟ್ಟ ವಾಸನೆ ಬಂದರೆ ವೇಗ ಜಾಸ್ತಿ ಅಥವಾ ಮುಂದೆ ಹೋಗುವ ಗತಿ ಕಡಿಮೆ.

ಇನ್ನು ಕೆಂಪು ಬಟನ್.

ನೋಡಲು ಚೆನ್ನಾಗಿದೆ. ಅಣಬೆ ಆಕಾರ, ಒತ್ತಿದರೆ ಕೂತುಕೊಳ್ಳುತ್ತದೆ, ತಿರುವಿದರೆ ಎದ್ದು ಬರುತ್ತದೆ. ಅಡಾಪ್ಟರಿನಿಂದ ಬೋರ್ಡಿಗೆ ಹೋಗುವ 24 ವೋಲ್ಟನ್ನು ಕತ್ತರಿಸುತ್ತದೆ. ಕೆಲಸದ ನಡುವೆ ಒತ್ತಿದೆ. ಅಕ್ಷಗಳು ನಿಂತವು, ಸ್ಪಿಂಡಲ್ ಒಂದಷ್ಟು ಹೊತ್ತು ತಿರುಗಿ ನಿಂತಿತು. ಇಲ್ಲಿಯವರೆಗೆ ಏನೂ ತಕರಾರಿಲ್ಲ.

ಆಮೇಲೆ ಲ್ಯಾಪ್‌ಟಾಪ್ ಪರದೆ ನೋಡಿದೆ. ಅಲ್ಲಿ ಕೆತ್ತನೆ ನಡೆಯುತ್ತಲೇ ಇತ್ತು! ಬೋರ್ಡಿನ ಮೋಟರುಗಳಿಗೆ ಮಾತ್ರ 24 ವೋಲ್ಟ್ ಬೇಕು. ಅದರ ಮಿದುಳಿಗೆ ಬೇಕಾದ 5 ವೋಲ್ಟ್ ಯುಎಸ್‌ಬಿ ವೈರಿನಿಂದಲೇ ಸಿಗುತ್ತದೆ. ಹಾಗಾಗಿ ಬಟನ್ ಒತ್ತಿದ ಸುದ್ದಿಯೇ ಅದಕ್ಕೆ ಗೊತ್ತಿಲ್ಲ. ಗಾಳಿಯಲ್ಲೇ ಕೆತ್ತುತ್ತಾ ಕೂತಿತ್ತು. ಮೇಜಿನ ಮೇಲೆ ಥರ್ಮಾಕೋಲ್ ಹಾಳೆ ಇಟ್ಟು, ಕೈ ದೂರ ಇಟ್ಟುಕೊಂಡು, ಬಟನ್ ತಿರುವಿ ಬಿಟ್ಟೆ. ಸ್ಪಿಂಡಲ್ ತಕ್ಷಣ ಪೂರ್ತಿ ಜೋರಾಗಿ ತಿರುಗಿತು. ನಿಂತ ಜಾಗದಿಂದಲೇ ಅಕ್ಷಗಳು ಓಡತೊಡಗಿದವು. ಎಲ್ಲಿದ್ದೇನೆ ಎಂಬ ಲೆಕ್ಕ ತಪ್ಪಿಹೋಗಿತ್ತಲ್ಲ, ಥರ್ಮಾಕೋಲನ್ನು ಅಡ್ಡಡ್ಡ ಸೀಳಿಕೊಂಡು ಹೋಯಿತು.

ಈಗ ಯೋಚಿಸಿ. ಜನ ಕೆಂಪು ಬಟನ್ ಯಾವಾಗ ಒತ್ತುತ್ತಾರೆ? ಏನೋ ಸಿಕ್ಕಿಕೊಂಡಾಗ. ಆಮೇಲೆ ಕೈ ಹಾಕಿ ಬಿಡಿಸುತ್ತಾರೆ. ಬಿಡಿಸಿದ ಮೇಲೆ, ಕೆಲವೊಮ್ಮೆ ಬಿಡಿಸುತ್ತಿರುವಾಗಲೇ, ಬಟನ್ ಎತ್ತುತ್ತಾರೆ. ಎಮರ್ಜೆನ್ಸಿ ಸ್ಟಾಪಿಗೆ ಇರುವ ಅಂತಾರಾಷ್ಟ್ರೀಯ ಮಾನದಂಡ ಐಎಸ್‌ಓ 13850 ಇದನ್ನು ಸ್ಪಷ್ಟವಾಗಿ ಹೇಳುತ್ತದೆ: ಬಟನ್ ಬಿಡಿಸಿದ ಮಾತ್ರಕ್ಕೆ ಯಂತ್ರ ಚಾಲೂ ಆಗಬಾರದು. ಚಾಲೂ ಮಾಡಲು ಬೇರೆಯೇ ಒಂದು ಕೆಲಸ ಮಾಡಬೇಕು. ಈ ಕಿಟ್ಟಿನ ಬಟನ್ ಆ ಪರೀಕ್ಷೆಯಲ್ಲಿ ಸೊನ್ನೆ.

ಬಟನ್ ಮುಟ್ಟದಿದ್ದರೂ ಇದೇ ಅಪಾಯ ಇದೆ. ನಮ್ಮೂರಲ್ಲಿ ಕರೆಂಟ್ ಹೋಗುತ್ತೆ, ಬರುತ್ತೆ. ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ, ಯಂತ್ರಕ್ಕೆ ಇಲ್ಲ. ಕರೆಂಟ್ ಹೋದಾಗ ‘ಸರಿ, ಕಾಫಿ ಕುಡಿದು ಬರೋಣ’ ಅಂತ ಎದ್ದು ಹೋಗುತ್ತೀರಿ. ಕರೆಂಟ್ ಬಂದ ಕ್ಷಣ ಖಾಲಿ ಶೆಡ್ಡಿನಲ್ಲಿ ಸ್ಪಿಂಡಲ್ ತಾನಾಗಿ ಶುರು. ಮನೆಯಲ್ಲಿ ಮಕ್ಕಳಿದ್ದರಂತೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ತೋಟದ ಪಂಪ್‌ಸೆಟ್ ಸ್ಟಾರ್ಟರ್ ಇದಕ್ಕಿಂತ ಎಷ್ಟೋ ಜಾಣ: ಕರೆಂಟ್ ಹೋಗಿ ಬಂದರೆ ಸುಮ್ನೆ ಕೂತಿರುತ್ತದೆ, ಯಾರಾದರೂ ಹೋಗಿ ಹಸಿರು ಗುಂಡಿ ಒತ್ತಬೇಕು. (ಆಟೋ ಸ್ಟಾರ್ಟರ್ ಹಾಕಿಸಿ ಆ ಜಾಣತನವನ್ನೂ ನಾವೇ ಕಳೆಯುತ್ತೇವೆ, ಅದು ಬೇರೆ ಮಾತು.)

ಅದೇ ಸ್ಟಾರ್ಟರನ್ನು ಚಿಕ್ಕದಾಗಿ ಕಟ್ಟಿದೆ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ 11 ಪಿನ್ನಿನ ರಿಲೇ (ಕಾಯಿಲ್ಲಿಗೆ ಕರೆಂಟ್ ಕೊಟ್ಟರೆ ಕೂಡುವ ಸ್ವಿಚ್), 24 ವೋಲ್ಟ್ ಡಿಸಿ ಕಾಯಿಲ್, ಮೂರು ಜೊತೆ ಕಾಂಟ್ಯಾಕ್ಟ್ ಇರುವಂಥದ್ದು, ಅದರ ಬೇಸ್ ಸಮೇತ. ಒಂದು ಹಸಿರು ಪುಶ್ ಬಟನ್. 22 ಮಿಲಿಮೀಟರ್ ತೂತಿಗೆ ಕೂರುವ ಒಳ್ಳೆಯ ಕೆಂಪು ಬಟನ್. ಕಾಯಿಲ್ಲಿಗೆ ಹೋಗುವ ಕರೆಂಟ್ ಕೆಂಪು ಬಟನ್ನಿನ ಎನ್‌ಸಿ ಕಾಂಟ್ಯಾಕ್ಟ್ ದಾಟಿ ಹೋಗಬೇಕು. ಅಂದರೆ ಒತ್ತದೇ ಇರುವಾಗ ಕೂಡಿರುವುದು, ಒತ್ತಿದರೆ ಬಿಡುವುದು. ವೈರ್ ಕಿತ್ತುಹೋದರೂ ಯಂತ್ರ ನಿಲ್ಲುತ್ತದೆ, ಎನ್‌ಸಿಯೇ ಯಾಕೆ ಅನ್ನುವುದಕ್ಕೆ ಅದೇ ಉತ್ತರ. ಹಸಿರು ಒತ್ತಿದರೆ ರಿಲೇ ಎಳೆದುಕೊಳ್ಳುತ್ತದೆ, ಅದರ ಮೊದಲ ಕಾಂಟ್ಯಾಕ್ಟ್ ಅದನ್ನೇ ಹಿಡಿದಿಡುತ್ತದೆ. ಎರಡನೆಯದು ಬೋರ್ಡಿಗೆ 24 ವೋಲ್ಟ್ ಕೊಡುತ್ತದೆ.

ಮೂರನೆಯದರಲ್ಲಿ ಮಜಾ ಇದೆ. ರಿಲೇ ಬಿಟ್ಟಾಗ ಕೂಡುವ ಬದಿಯನ್ನು ಬೋರ್ಡಿನ ರಿಸೆಟ್ ಪಿನ್ನಿಗೂ ಗ್ರೌಂಡಿಗೂ ನಡುವೆ ಹಾಕಿದೆ. ಆರ್ಡುಯಿನೋ (ಇಂಥ ಪುಟ್ಟ ಬೋರ್ಡುಗಳ ಒಂದು ಜನಪ್ರಿಯ ಬಗೆ) ಲೆಕ್ಕದಲ್ಲಿ ಅದು ಎ0 ಪಿನ್, ಪ್ರೋಗ್ರಾಂ ರದ್ದು ಮಾಡಲು ಜಿಆರ್‌ಬಿಎಲ್ ಇಟ್ಟುಕೊಂಡಿರುವುದು. ಬೋರ್ಡಿನ ಮೇಲಿರುವ ರಿಸೆಟ್ ಗುಂಡಿಯದ್ದಲ್ಲ, ಗಮನಿಸಿ. ಈಗ ಕೆಂಪು ಒತ್ತಿದರೂ ಸರಿ, ಕರೆಂಟ್ ಹೋದರೂ ಸರಿ, ರಿಲೇ ಬಿಡುತ್ತದೆ, ಅದೇ ಕ್ಷಣ ಮಿದುಳಿಗೂ ಸುದ್ದಿ ಮುಟ್ಟುತ್ತದೆ. ಪರದೆ ಮೇಲೆ ಅಲಾರಾಂ 3 ಬರುತ್ತದೆ. ಓಡುತ್ತಿರುವಾಗ ನಿಂತೆ, ಇನ್ನು ನನ್ನ ಸ್ಥಾನ ನಂಬಬೇಡ ಅಂತ ಅದರ ಅರ್ಥ. ಮತ್ತೆ ಶುರು ಮಾಡಲು ಹಸಿರು ಒತ್ತಬೇಕು, $X ಕೊಟ್ಟು ಬೀಗ ತೆಗೆಯಬೇಕು, ಸೊನ್ನೆ (ಕೆಲಸದ ಅಳತೆ ಶುರುವಾಗುವ ಬಿಂದು) ಹೊಸದಾಗಿ ಹಿಡಿಯಬೇಕು. ಕಿರಿಕಿರಿ ನಿಜ. ಇರಲಿ.

ರಿಸೆಟ್ ವೈರ್ ಉದ್ದ ಇದ್ದರೆ ಮೋಟರಿನ ಕಿಡಿಗಳಿಂದ ಸುಳ್ಳು ಅಲಾರಾಂ ಬರುತ್ತದೆ. ಎರಡು ವೈರ್ ಹೆಣೆದು ಹಾಕಿ, ಬೋರ್ಡಿನ ಹತ್ತಿರ ಪಿನ್ನಿಗೂ ಗ್ರೌಂಡಿಗೂ ನಡುವೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಕೂರಿಸಿ. ಅಂಗಡಿಯಲ್ಲಿ 104 ಅಂತ ಕೇಳಿ. ಇಂಥದ್ದೇ ಇನ್ನೊಂದನ್ನು ಮೋಟರಿನ ಎರಡು ಕಾಲಿಗೆ ಅಡ್ಡ ಹಾಕಿದ ಮೇಲೆ, ಸ್ಪಿಂಡಲ್ ಶುರುವಾದಾಗ ಯುಎಸ್‌ಬಿ ಸಂಪರ್ಕ ಕಡಿಯುತ್ತಿದ್ದ ಕಾಟವೂ ಹೋಯಿತು.

‘ಸಾಫ್ಟ್‌ವೇರಿನಲ್ಲೇ ಸ್ಟಾಪ್ ಇದೆಯಲ್ಲ ಮಾವ, ಇಷ್ಟೆಲ್ಲ ಯಾಕೆ?’ ಅಂತ ಸೊಸೆ ಕೇಳಿದಳು. ಒಳ್ಳೆಯ ಪ್ರಶ್ನೆ. ಅಲ್ಲಿರುವ ಪಾಝ್ (ಸ್ವಲ್ಪ ಹೊತ್ತು ತಡೆಯುವ) ಬಟನ್ ಅಕ್ಷಗಳನ್ನು ಮಾತ್ರ ನಿಲ್ಲಿಸುತ್ತದೆ, ಸ್ಪಿಂಡಲ್ ತಿರುಗುತ್ತಲೇ ಇರುತ್ತದೆ, ನಿಂತಲ್ಲೇ ಮರ ಸುಡುತ್ತದೆ. ರಿಸೆಟ್ ಕೊಟ್ಟರೆ ಸ್ಪಿಂಡಲ್ಲಿಗೂ ನಿಲ್ಲು ಅಂತ ಆಜ್ಞೆ ಹೋಗುತ್ತದೆ. ಆದರೆ ಆ ಆಜ್ಞೆ ಪಾಲಿಸಬೇಕಾದದ್ದು ಬೋರ್ಡಿನ ಮೇಲಿರುವ ಒಂದು ಮಾಸ್‌ಫೆಟ್, ಅಂದರೆ ಮೋಟರಿನ ಕರೆಂಟನ್ನು ಆನ್-ಆಫ್ ಮಾಡುವ ಎಲೆಕ್ಟ್ರಾನಿಕ್ ಸ್ವಿಚ್. ಅದು ಸುಟ್ಟರೆ ಬಹಳ ಸಲ ಶಾರ್ಟ್ ಆಗಿ ಸುಡುತ್ತದೆ. ಆಗ ಸ್ವಿಚ್ ಹಾಕಿದ ಕೂಡಲೇ ಸ್ಪಿಂಡಲ್ ಪೂರ್ತಿ ವೇಗದಲ್ಲಿ ತಿರುಗುತ್ತದೆ, ನಿಲ್ಲಿಸುವ ಆಜ್ಞೆ ಎಂ5 ಕೊಟ್ಟರೂ ಕೇಳುವುದಿಲ್ಲ. ನಮ್ಮ ಬೀದಿಯ ಹುಡುಗನ ಯಂತ್ರಕ್ಕೆ ಹಾಗೇ ಆಗಿತ್ತು. ಪವರ್ ತೆಗೆದು, ಮೋಟರ್ ವೈರ್ ಬಿಡಿಸಿ, ಮಲ್ಟಿಮೀಟರಿನಲ್ಲಿ ಮಾಸ್‌ಫೆಟ್ಟಿನ ಡ್ರೈನ್ ಕಾಲಿಗೂ ಸೋರ್ಸ್ ಕಾಲಿಗೂ ಇಟ್ಟೆವು. ಎರಡು ಕಡೆ ತಿರುಗಿಸಿ ಇಟ್ಟರೂ ಬೀಪ್. ಬದಲಾಯಿಸಿದ ಮೇಲೆ ಸರಿಹೋಯಿತು. ಅಂಥ ಹೊತ್ತಿನಲ್ಲಿ ಮೌಸ್ ಹಿಡಿದು ಎಷ್ಟು ಕ್ಲಿಕ್ ಮಾಡಿದರೇನು? ಕರೆಂಟನ್ನೇ ಕಡಿಯಬೇಕು. ಬೋರ್ಡಿಗೆ ಸುದ್ದಿಯೂ ಮುಟ್ಟಬೇಕು, ಕರೆಂಟೂ ಹೋಗಬೇಕು. ಒಂದು ಮಾತ್ರ ಸಾಲದು.

ಅಂಕ ಕೊಡಿ ಅಂದರೆ, ಚೌಕಟ್ಟಿಗೂ ಕೆತ್ತನೆಗೂ ಐದಕ್ಕೆ ನಾಲ್ಕು. ಕೈಪಿಡಿಗೆ ಒಂದು, ಅದೂ ಚಿತ್ರಗಳು ಇವೆ ಅನ್ನುವುದಕ್ಕೆ. $30 ಬಗ್ಗೆ ಅದರಲ್ಲಿ ಒಂದು ಅಕ್ಷರ ಇಲ್ಲ. ಮಾರಿದವರ ಸೇವೆಗೆ ಎರಡು. ಫೋನ್ ಎತ್ತುತ್ತಾರೆ, ಮರ್ಯಾದೆಯಿಂದ ಮಾತಾಡುತ್ತಾರೆ, ಆದರೆ ಎಲ್ಲದಕ್ಕೂ ಔಷಧ ಹೊಸ ಬೋರ್ಡ್.

ಕೊಳ್ಳುವ ಮೊದಲು ಮೂರು ಪ್ರಶ್ನೆ ಕೇಳಿ. ಜಿಆರ್‌ಬಿಎಲ್ 1.1 ಇದೆಯಾ? ಎ0 ರಿಸೆಟ್ ಪಿನ್ ಬೋರ್ಡಿನಲ್ಲಿ ಹೊರಗೆ ಸಿಗುತ್ತದಾ? ಕೆಂಪು ಬಟನ್ ಬಿಟ್ಟ ಮೇಲೆ ಯಂತ್ರ ತಾನಾಗಿ ಓಡುತ್ತದಾ? ಮೂರನೆಯದಕ್ಕೆ ‘ಹೌದು ಸರ್, ಅಲ್ಲಿಂದಲೇ ಕಂಟಿನ್ಯೂ ಆಗುತ್ತೆ’ ಅಂತ ಖುಷಿಯಿಂದ ಹೇಳಿದರೆ ರಿಲೇ ಖರ್ಚನ್ನೂ ಬೆಲೆಗೆ ಸೇರಿಸಿಕೊಳ್ಳಿ. ತೇಗ, ಹೊನ್ನೆ, ಎಂಡಿಎಫ್, ಅಕ್ರಿಲಿಕ್ ಕೆಲಸಕ್ಕೆ ಈ ಯಂತ್ರ ಸಾಕು. ಹಿತ್ತಾಳೆಯಲ್ಲಿ ಆಳವಾಗಿ ಕೆತ್ತುವ ಆಸೆ ಇದ್ದರೆ ಈ 775 ಮೋಟರಿಗೂ ಚೌಕಟ್ಟಿಗೂ ಆ ತಾಕತ್ತಿಲ್ಲ, ಇನ್ನಷ್ಟು ದುಡ್ಡು ಕೂಡಿಸಿ ದೊಡ್ಡದನ್ನೇ ನೋಡಿ.