ಬ್ರಿಜ್ ಕ್ಯಾಮ್ ಗೇಜ್: ಒಂದು ಮಿಲಿಮೀಟರಿಗೆ ಸೈ, ಕಾಲು ಮಿಲಿಮೀಟರಿಗೆ ಬೇಡ

ಪೀಣ್ಯದ ಫ್ಯಾಬ್ರಿಕೇಶನ್ ಶೆಡ್ಡಿನಲ್ಲಿ ವೆಲ್ಡ್ ನೋಡಿ ಪಾಸು–ಫೇಲು ಬರೆಯುವುದು ನನ್ನ ಕೆಲಸ. ಎಸ್.ಜೆ.ಪಿ. ರಸ್ತೆಯಿಂದ ತಂದ, ವೆಲ್ಡ್ ಅಳೆಯುವ ಸ್ಟೇನ್‌ಲೆಸ್ ಬ್ರಿಜ್ ಕ್ಯಾಮ್ ಗೇಜ್ ಸದಾ ಅಂಗಿ ಜೇಬಿನಲ್ಲೇ ಇರುತ್ತದೆ. ಬೆವೆಲ್ (ಓರೆಯಾಗಿ ಕತ್ತರಿಸಿದ ಪ್ಲೇಟಿನ ಅಂಚು) ಕೋನ, ಫಿಲೆಟ್ (ಎರಡು ಪ್ಲೇಟು ಕೂಡುವ ಮೂಲೆಯ ವೆಲ್ಡ್) ಸೈಜು, ಬೀಡ್ (ಕರಗಿ ಗಟ್ಟಿಯಾದ ವೆಲ್ಡ್ ಸಾಲು) ಎತ್ತರ ಎಲ್ಲ ಅಳೆಯುತ್ತದೆ, ತಕರಾರಿಲ್ಲ. ಆದರೆ ನಾನು ಕೊಂಡಿದ್ದು ಅಂಡರ್‌ಕಟ್‌ಗಾಗಿ.

ಬೀಡ್‌ನ ಅಂಚಿನಲ್ಲಿ ಪ್ಲೇಟೇ ಕರಗಿ, ಮತ್ತೆ ತುಂಬಿಕೊಳ್ಳದೆ ಉಳಿದ ಸಣ್ಣ ಕಾಲುವೆ ಅದು. ಕರೆಂಟ್ ಜಾಸ್ತಿ ಇಟ್ಟು, ಆರ್ಕ್ ಉದ್ದ ಮಾಡಿ, ಬೇಗ ಬೇಗ ಎಳೆದರೆ ಬಂತೆಂದೇ ಲೆಕ್ಕ. ಫಿಲೆಟ್‌ನಲ್ಲಿ ನಿಂತ ಪ್ಲೇಟಿನ ಕಡೆಯೇ ಹೆಚ್ಚು. ‘ಸಾರ್, ಬರೀ ಗೀರು ಅದು’ ಅಂತ ವೆಲ್ಡರ್, ‘ಅಲ್ಲಪ್ಪಾ, ನೋಡು’ ಅಂತ ನಾನು. ಈಗ ಗೇಜಿನ ಒಂದು ಕಾಲನ್ನು ಪ್ಲೇಟಿಗೆ ಒತ್ತಿ, ತಿರುಗುವ ಮೂತಿಯನ್ನು ಕಾಲುವೆಗೆ ಇಳಿಸಿ ಸ್ಕೇಲ್ ಅವನಿಗೇ ಓದಿಸುತ್ತೇನೆ.

ನಾವು ಅನುಸರಿಸುವ ಎಡಬ್ಲ್ಯುಎಸ್ ಡಿ1.1 (ಅಮೆರಿಕನ್ ವೆಲ್ಡಿಂಗ್ ಸೊಸೈಟಿಯ ಉಕ್ಕಿನ ಸ್ಟ್ರಕ್ಚರ್ ವೆಲ್ಡಿಂಗ್) ಕೋಡ್ ಪ್ರಕಾರ, ಸಾಮಾನ್ಯ ಸ್ಟ್ರಕ್ಚರಿನಲ್ಲಿ 25 ಮಿ.ಮೀ.ಗಿಂತ ತೆಳು ಪ್ಲೇಟಿಗೆ ಅಂಡರ್‌ಕಟ್ 1 ಮಿ.ಮೀ. ದಾಟಬಾರದು; ಪ್ರತಿ 300 ಮಿ.ಮೀ.ನಲ್ಲಿ ಒಟ್ಟು 50 ಮಿ.ಮೀ. ಉದ್ದಕ್ಕೆ ಮಾತ್ರ 2 ಮಿ.ಮೀ.ವರೆಗೆ ವಿನಾಯಿತಿ. ಇಷ್ಟಕ್ಕೆ ಈ ಗೇಜ್ ಧಾರಾಳ ಸಾಕು.

ಕ್ರೇನ್ ಗರ್ಡರಿನ ಕೆಲಸ ಬಂದಾಗ ಇದರ ಬಂಡವಾಳ ಬಯಲಾಗುತ್ತದೆ. ಭಾರ ಮತ್ತೆ ಮತ್ತೆ ಏರಿ ಇಳಿಯುವ ಮುಖ್ಯ ಭಾಗಗಳಲ್ಲಿ, ಎಳೆತಕ್ಕೆ ಅಡ್ಡ ಬಿದ್ದ ವೆಲ್ಡಿಗೆ ಮಿತಿ 0.25 ಮಿ.ಮೀ. ಮಾತ್ರ, ಏಕೆಂದರೆ ದಣಿವಿನ ಬಿರುಕು ಹುಟ್ಟುವುದೇ ಆ ಕಾಲುವೆಯ ತಳದಲ್ಲಿ. ಈ ಸ್ಕೇಲಿನಲ್ಲಿರುವುದು ಮಿಲಿಮೀಟರ್ ಗೆರೆಗಳು. ಕಾಲು ಮಿಲಿಮೀಟರ್ ಓದುತ್ತೇನೆ ಅನ್ನುವವರು ಊಹೆ ಬರೆಯುತ್ತಿದ್ದಾರೆ ಅಷ್ಟೆ. ಮೂತಿಯೂ ದಪ್ಪ, ಕಿರಿದಾದ ಕಾಲುವೆಯಲ್ಲಿ ತಳ ಮುಟ್ಟುವ ಮೊದಲೇ ಸಿಕ್ಕಿಕೊಂಡು ಆಳ ಕಡಿಮೆ ತೋರಿಸುತ್ತದೆ. ಅಂಥ ಕಡೆ ಸೂಜಿ ಮೂತಿಯ ಡಯಲ್ ಡೆಪ್ತ್ ಗೇಜೇ ಬೇಕು. ಬೆಲೆ ಜಾಸ್ತಿ, ಆದರೂ ತರಿಸಿ.

ಯಾವುದೇ ಗೇಜ್ ಆದರೂ ಕಾಲಿನಡಿ ಒಂದು ಸ್ಪ್ಯಾಟರ್ ಕಾಳು (ವೆಲ್ಡ್ ಮಾಡುವಾಗ ಸಿಡಿದು ಅಂಟಿದ ಲೋಹದ ಹನಿ) ಇದ್ದರೆ, ಇಲ್ಲವೇ ಪ್ಲೇಟು ಕಾವಿಗೆ ಬಾಗಿದ್ದರೆ ಅಳತೆ ಸುಳ್ಳು. ಮೊದಲು ವೈರ್ ಬ್ರಷ್ ಹೊಡೆಸಿ, ಟಾರ್ಚನ್ನು ಪಕ್ಕದಿಂದ ಓರೆಯಾಗಿ ಬಿಡಿ. ನೆರಳು ಬಿದ್ದಲ್ಲೇ ಅಳೆಯಿರಿ.

ಕೊಳ್ಳುವಾಗ ಅಂಗಡಿಯಲ್ಲೇ ಸಮತಟ್ಟಾದ ಜಾಗದ ಮೇಲಿಟ್ಟು ಸೊನ್ನೆ ತೋರಿಸುತ್ತದೆಯೇ ನೋಡಿ. ನನ್ನ ಮುಂದೆ ಮೊದಲು ಇಟ್ಟ ಪೀಸ್ ಹಾಗೆ ತೋರಿಸಲಿಲ್ಲ, ಬದಲಾಯಿಸಿಕೊಂಡೆ. ರಿವೆಟ್ ಸಡಿಲವಿದ್ದರೂ ಬೇಡ. ಐದಕ್ಕೆ ಮೂರೂವರೆ ಸ್ಟಾರ್.